ಹೊಂಬಣ್ಣದ ಹಳೆಯ ಒಡವೆಗಳ ಪರೀಕ್ಷೆ

ಮನೆಯ ಹಿರಿಯರು ಕಾಲವಾದ ತರುವಾಯ ಅವರ ಪೆಟ್ಟಿಗೆಯನ್ನು ತೆರೆದು ನೋಡುವ ಕೆಲಸವು ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲಿಗೇ ಬರುತ್ತದೆ. ಆ ಪೆಟ್ಟಿಗೆಯ ಅಡಿಯಲ್ಲಿ, ಬಣ್ಣಗೆಟ್ಟ ರೇಷ್ಮೆಯ ತುಂಡಿನಲ್ಲಿ ಸುತ್ತಿಟ್ಟ ಕೆಲವು ಒಡವೆಗಳು ದೊರೆಯುವುದುಂಟು: ಒಂದು ಜೊತೆ ಬಳೆ, ಕೊಂಡಿ ಮುರಿದ ಒಂದು ಸರ, ಜೊತೆ ತಪ್ಪಿದ ಓಲೆ, ಒಂದು ಪದಕ. ಇವೆಲ್ಲವೂ ಹೊಂಬಣ್ಣದವೇ. ಆದರೆ ಇವುಗಳಲ್ಲಿ ಯಾವುದು ಚಿನ್ನ, ಯಾವುದು ಚಿನ್ನದ ಮುಲಾಮು ಹಾಕಿದ ತಾಮ್ರ, ಯಾವುದು ಬರಿಯ ಹಿತ್ತಾಳೆ ಎಂಬುದನ್ನು ಹೇಳಬಲ್ಲವರು ಆಗ ಮನೆಯಲ್ಲಿ ಇರುವುದಿಲ್ಲ.

ಈ ಅಜ್ಞಾನದಿಂದ ಮೂರು ಬಗೆಯ ಹಾನಿಯಾಗುತ್ತದೆ. ಚಿನ್ನವನ್ನು ಗಿಲೀಟೆಂದು ಭಾವಿಸಿ ಅಗ್ಗಕ್ಕೆ ಕೊಟ್ಟುಬಿಡುವವರು ಉಂಟು. ಗಿಲೀಟನ್ನು ಚಿನ್ನವೆಂದು ನಂಬಿ, ಕಾಯಿಲೆಯೋ ಮಗಳ ಮದುವೆಯೋ ಬಂದಾಗ ಅದನ್ನು ಒತ್ತೆಯಿಡಲು ಹೋಗಿ, ನಾಲ್ವರ ಮುಂದೆ ತಲೆತಗ್ಗಿಸಿ ಹಿಂದಿರುಗುವವರು ಉಂಟು. ಇವೆರಡಕ್ಕಿಂತಲೂ ಕಠಿನವಾದದ್ದು ಮೂರನೆಯದು. ಅದು ಒಡಹುಟ್ಟಿದವರಲ್ಲಿ ಹುಟ್ಟುವ ಸಂಶಯ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈ ವಿಷಯವಾಗಿ ನಮ್ಮನ್ನು ವಿಚಾರಿಸಿರುವುದರಿಂದ, ಇದನ್ನು ಒಂದು ಪಾಠದ ರೂಪದಲ್ಲಿ ಬರೆಯಲು ಉದ್ದೇಶಿಸಿರುವೆವು. ಇದಕ್ಕೆ ಬೇಕಾದ ವಿದ್ಯೆಯೆಲ್ಲವನ್ನೂ ಅವರು ಈ ಶಾಲೆಯ ವಿಜ್ಞಾನದ ತರಗತಿಯಲ್ಲಿಯೇ ಕಲಿತಿರುವರು. ಅದನ್ನು ಪೆಟ್ಟಿಗೆಯ ಬಳಿಗೆ ಒಯ್ಯುವುದು ಮಾತ್ರ ಉಳಿದಿದೆ.

ಪಾಠದ ಮುಖ್ಯ ಮಾತು ಒಂದೇ. ಒಡವೆಗೆ ಹೊರಮೈ ಬೇರೆ, ಒಡಲು ಬೇರೆ. ಕೆಲವು ಪರೀಕ್ಷೆಗಳು ಹೊರಮೈಯನ್ನು ಮಾತ್ರ ಪ್ರಶ್ನಿಸುತ್ತವೆ. ಕೆಲವು ಒಡಲನ್ನು ಪ್ರಶ್ನಿಸುತ್ತವೆ. ನಾವು ಮಾಡುತ್ತಿರುವ ಪರೀಕ್ಷೆಯು ಯಾವುದನ್ನು ಪ್ರಶ್ನಿಸುತ್ತದೆಂಬುದನ್ನು ಅರಿಯದೆ ಅದರ ಉತ್ತರವನ್ನು ನಂಬಬಾರದು.

೧. ಚಿನ್ನವೂ ಹೊಂಬಣ್ಣವೂ

ಅಪರಂಜಿಯು ಬಹು ಮೃದುವಾದ ಲೋಹ. ಅದರಿಂದ ಮಾಡಿದ ಬಳೆಯು ಕೈಯೊತ್ತಿಗೆ ಬಾಗುತ್ತದೆ. ಆದುದರಿಂದ ಅಕ್ಕಸಾಲಿಗರು ಅದಕ್ಕೆ ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸುವರು. ಒಟ್ಟು ತೂಕವನ್ನು ೨೪ ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲು ಚಿನ್ನವಿದೆಯೋ ಅಷ್ಟು ಕ್ಯಾರಟ್ ಎಂದು ಹೇಳುವುದು ವಾಡಿಕೆ. ೨೨ ಕ್ಯಾರಟ್ ಎಂದರೆ ಸಾವಿರದಲ್ಲಿ ಸುಮಾರು ೯೧೬ ಪಾಲು. ೧೮ ಕ್ಯಾರಟ್ ಎಂದರೆ ೭೫೦ ಪಾಲು. ೧೪ ಕ್ಯಾರಟ್ ಎಂದರೆ ೫೮೫ ಪಾಲು ಎಂದು ಲೆಕ್ಕ. ತಾಮ್ರ ಹೆಚ್ಚಾದರೆ ಬಣ್ಣವು ಕೆಂಪಾಗುತ್ತದೆ. ಬೆಳ್ಳಿ ಹೆಚ್ಚಾದರೆ ನಸುಬಿಳುಪಾಗುತ್ತದೆ. ಹೀಗೆ ನಿಜವಾದ ಚಿನ್ನಕ್ಕೇ ಹಲವು ಬಣ್ಣಗಳಿವೆ.

ಇನ್ನು ಚಿನ್ನವಲ್ಲದಿದ್ದರೂ ಹೊಂಬಣ್ಣವನ್ನು ತಳೆದ ವಸ್ತುಗಳನ್ನು ನೋಡುವ. ತಾಮ್ರಕ್ಕೆ ಸತುವನ್ನು ಬೆರೆಸಿದರೆ ಹಿತ್ತಾಳೆಯಾಗುತ್ತದೆ. ಈ ಎರಡು ಲೋಹಗಳನ್ನೇ ಬೇರೊಂದು ಪ್ರಮಾಣದಲ್ಲಿ ಕೂಡಿಸಿ, ಹದಿನೆಂಟನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಗಡಿಯಾರಗಾರನಾದ ಕ್ರಿಸ್ಟಫರ್ ಪಿಂಚ್‌ಬೆಕ್ ಎಂಬವನು ಚಿನ್ನದಂತೆ ತೋರುವ ಮಿಶ್ರಲೋಹವೊಂದನ್ನು ಮಾಡಿದನು. ಅದಕ್ಕೆ ಅವನ ಹೆಸರೇ ನಿಂತಿತು. ಪೂರ್ವಕಾಲದ ಮುಲಾಮಿನಲ್ಲಿ ಚಿನ್ನವನ್ನು ಪಾದರಸದಲ್ಲಿ ಕಲಸಿ ತಾಮ್ರದ ಮೇಲೆಯೋ ಬೆಳ್ಳಿಯ ಮೇಲೆಯೋ ಬಳಿದು, ಕಾಯಿಸಿ, ಪಾದರಸವನ್ನು ಆವಿಯಾಗಿ ಓಡಿಸುತ್ತಿದ್ದರು. ಆ ವಿಷದ ಆವಿಯಿಂದ ಕೆಲಸಗಾರರ ಆರೋಗ್ಯವು ಕೆಡುತ್ತಿತ್ತು. ೧೮೪೦ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ಪ್ರವಾಹದಿಂದ ಚಿನ್ನ ಬೆಳ್ಳಿಗಳ ಲೇಪ ಕೊಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ನಮ್ಮ ಅಂಗಡಿಗಳಲ್ಲಿ ಒಂದು ಗ್ರಾಂ ಚಿನ್ನದ ಒಡವೆಗಳೆಂದು ಮಾರುವುದು ಬಹುಮಟ್ಟಿಗೆ ಇಂಥ ತೆಳುವಾದ ಲೇಪವುಳ್ಳ ತಾಮ್ರದ ಅಥವಾ ಹಿತ್ತಾಳೆಯ ಒಡವೆಗಳನ್ನೇ. ರೋಲ್ಡ್ ಗೋಲ್ಡ್ ಎಂಬುದು ಬೇರೆ. ಅದರಲ್ಲಿ ಚಿನ್ನದ ತೆಳುತಗಡನ್ನು ಬೇರೆ ಲೋಹದ ಮೇಲೆ ಕಾಯಿಸಿ ಒತ್ತಿ ಅಂಟಿಸಿರುತ್ತಾರೆ.

ಲೇಪದಲ್ಲಿ ಎಷ್ಟು ಚಿನ್ನವಿರಬಹುದೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಬಳೆಯ ಮೇಲ್ಮೈಯು ೨೦ ಚದರ ಸೆಂಟಿಮೀಟರ್ ಇದೆಯೆನ್ನೋಣ. ಲೇಪದ ದಪ್ಪವು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲು ಇರಲಿ. ಆಗ ಲೇಪದ ಗಾತ್ರವು ಘನ ಸೆಂಟಿಮೀಟರಿನ ಸಾವಿರದಲ್ಲಿ ಒಂದು ಪಾಲಾಗುತ್ತದೆ. ಅದರ ತೂಕವು ಸುಮಾರು ೧೯ ಮಿಲಿಗ್ರಾಂ. ಬಳೆಯೆಲ್ಲವೂ ಥಳಥಳಿಸುತ್ತಿದ್ದರೂ ಅದರಲ್ಲಿರುವ ಚಿನ್ನವು ಒಂದು ಗ್ರಾಮಿನ ಐವತ್ತನೆಯ ಪಾಲಿಗಿಂತಲೂ ಕಡಮೆ! ಇದಕ್ಕೆ ಪ್ರತಿಯಾಗಿ, ೧೦ ಗ್ರಾಂ ತೂಕದ ರೋಲ್ಡ್ ಗೋಲ್ಡ್ ಬಳೆಯಲ್ಲಿ ಇಪ್ಪತ್ತನೆಯ ಒಂದು ಪಾಲು ೧೪ ಕ್ಯಾರಟ್ಟಿನ ತಗಡಿದ್ದರೆ, ಅದರಲ್ಲಿ ಅರ್ಧ ಗ್ರಾಂ ತಗಡು, ಅಂದರೆ ಸುಮಾರು ೨೯೦ ಮಿಲಿಗ್ರಾಂ ಶುದ್ಧ ಚಿನ್ನವಿರುತ್ತದೆ. ಆದುದರಿಂದ ಇದರಲ್ಲಿ ಚಿನ್ನವಿದೆಯೋ ಎಂದು ಕೇಳಿದರೆ ಸಾಲದು. ಎಷ್ಟಿದೆ ಎಂದು ಕೇಳಬೇಕು.

೨. ಒತ್ತಿದ ಗುರುತುಗಳು

ಮೊದಲು ಭೂತಗನ್ನಡಿಯನ್ನು ಹಿಡಿದು ಒಡವೆಯ ಕೊಂಡಿಯನ್ನೂ ಒಳಮೈಯನ್ನೂ ನೋಡತಕ್ಕದ್ದು. ೯೧೬, ೭೫೦, ೫೮೫ ಎಂಬ ಅಂಕಿಗಳು ಚಿನ್ನದ ಪ್ರಮಾಣವನ್ನು ಸೂಚಿಸುತ್ತವೆ. ೯೨೫ ಎಂದಿದ್ದರೆ ಅದು ಬೆಳ್ಳಿಯ ಅಂಕಿ. ಹೊಂಬಣ್ಣದ ಒಡವೆಯಲ್ಲಿ ಈ ಅಂಕಿಯಿದ್ದರೆ ಅದು ಮುಲಾಮು ಹಾಕಿದ ಬೆಳ್ಳಿಯೆಂದು ತಿಳಿಯಬಹುದು. ಪರದೇಶದಿಂದ ಬಂದ ಒಡವೆಗಳಲ್ಲಿ ಜಿ.ಎಫ್., ಆರ್.ಜಿ.ಪಿ., ಜಿ.ಇ.ಪಿ., ಎಚ್.ಜಿ.ಇ. ಎಂಬ ಅಕ್ಷರಗಳಿದ್ದರೆ ಅವು ತಗಡು ಹೊದಿಸಿದ ಅಥವಾ ಲೇಪ ಕೊಟ್ಟ ಒಡವೆಗಳು. ಅವುಗಳ ಜೊತೆಯಲ್ಲಿ ೧೪ ಅಥವಾ ೧೮ ಎಂಬ ಅಂಕಿಯಿದ್ದರೂ ಅದು ಹೊದಿಕೆಗೆ ಮಾತ್ರ ಅನ್ವಯಿಸುತ್ತದೆ, ಒಡಲಿಗಲ್ಲ.

ನಮ್ಮ ನಾಡಿನ ಅನೇಕ ಒಡವೆಗಳಲ್ಲಿ ಕೆ.ಡಿ.ಎಂ. ಎಂಬ ಅಕ್ಷರಗಳಿವೆ. ಇದನ್ನು ಶುದ್ಧಿಯ ಮುದ್ರೆಯೆಂದು ನಂಬಿರುವವರು ಬಹುಮಂದಿ. ಅದು ಹಾಗಲ್ಲ. ಬೆಸುಗೆಗೆ ಕ್ಯಾಡ್ಮಿಯಂ ಎಂಬ ಲೋಹವನ್ನು ಉಪಯೋಗಿಸಿದುದರ ಸೂಚನೆ ಮಾತ್ರವದು. ಕ್ಯಾಡ್ಮಿಯಮ್ಮಿನ ಹೊಗೆಯು ಕೆಲಸಗಾರರ ಶ್ವಾಸಕೋಶಗಳಿಗೆ ಬಹು ಅಪಾಯಕರ.

ಭಾರತದಲ್ಲಿ ಚಿನ್ನದ ಒಡವೆಗಳ ಹಾಲ್‌ಮಾರ್ಕ್ ಪದ್ಧತಿಯು ೨೦೦೦ದಲ್ಲಿ ಆರಂಭವಾಯಿತು. ೨೦೨೧ನೆಯ ಜೂನ್ ೨೩ರಿಂದ ಅದು ೨೫೬ ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ೨೦೨೩ನೆಯ ಏಪ್ರಿಲ್ ೧ರಿಂದ ಹಾಲ್‌ಮಾರ್ಕಿನ ಒಡವೆಗಳನ್ನು ಅಂಗಡಿಯಲ್ಲಿ ಮಾರಬೇಕಾದರೆ ಭಾರತೀಯ ಮಾನಕ ಬ್ಯೂರೋವಿನ ಚಿಹ್ನೆ, ಶುದ್ಧಿಯ ಅಂಕಿ, ಹಾಗೂ ಅಕ್ಷರಗಳೂ ಅಂಕಿಗಳೂ ಕೂಡಿದ ಆರು ಸ್ಥಾನದ ಎಚ್.ಯು.ಐ.ಡಿ. ಸಂಖ್ಯೆ ಇರಬೇಕಾಯಿತು. ಇದರಿಂದ ತಿಳಿಯುವುದೇನೆಂದರೆ, ಅಜ್ಜಿಯ ಒಡವೆಯಲ್ಲಿ ಹಾಲ್‌ಮಾರ್ಕ್ ಇಲ್ಲವೆಂಬ ಕಾರಣದಿಂದ ಅದು ಚಿನ್ನವಲ್ಲವೆಂದು ಹೇಳಕೂಡದು. ಆಕೆಯ ಕಾಲದಲ್ಲಿ ಆ ಮುದ್ರೆಯೇ ಇರಲಿಲ್ಲ.

ಹಳೆಯ ಒಡವೆಗಳ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು. ೧೯೬೩ರ ಜನವರಿಯಲ್ಲಿ ಭಾರತ ಸರಕಾರವು ಚಿನ್ನದ ನಿಯಂತ್ರಣದ ನಿಯಮಗಳನ್ನು ಜಾರಿಗೆ ತಂದು, ೧೪ ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧಿಯ ಹೊಸ ಒಡವೆಗಳನ್ನು ಮಾಡಬಾರದೆಂದು ವಿಧಿಸಿತು. ಇದರಿಂದ ಅಸಂಖ್ಯ ಅಕ್ಕಸಾಲಿಗರ ಜೀವನವು ಕೆಟ್ಟಿತು. ಆ ಶುದ್ಧಿಯ ಕಟ್ಟಳೆಯು ಕೆಲವು ವರ್ಷಗಳಲ್ಲಿ ಹೋಯಿತು. ೧೯೬೮ರ ಚಿನ್ನದ ನಿಯಂತ್ರಣ ಕಾಯಿದೆಯು ೧೯೯೦ರಲ್ಲಿ ರದ್ದಾಯಿತು. ಆ ಕಟ್ಟಳೆಯಿದ್ದ ಕಾಲದಲ್ಲಿ ಮದುವೆಯಾದ ತಾಯಂದಿರ ಒಡವೆಯು ಬಣ್ಣದಲ್ಲಿ ಮಂಕಾಗಿದ್ದರೆ ಅದನ್ನು ಗಿಲೀಟೆಂದು ತಳ್ಳಿಬಿಡಬಾರದು. ಅದು ೧೪ ಕ್ಯಾರಟ್ಟಿನ ನಿಜವಾದ ಚಿನ್ನವಿರಬಹುದು.

೩. ಕಣ್ಣು, ಕೈ, ಅಯಸ್ಕಾಂತ

ಲೇಪವು ಮೊದಲು ಸವೆಯುವುದು ಉಜ್ಜುವ ಸ್ಥಳಗಳಲ್ಲಿ. ಬಳೆಯ ಒಳಅಂಚು, ಸರದ ಕೊಂಡಿಗಳು ಒಂದಕ್ಕೊಂದು ತಗಲುವ ಎಡೆ, ಓಲೆಯ ತಿರುಪು, ಇವುಗಳನ್ನು ಹಗಲಿನ ಬೆಳಕಿನಲ್ಲಿ ನೋಡಿರಿ. ಅಲ್ಲಿ ಕೆಂಪಾಗಿಯೋ ಬಿಳುಪಾಗಿಯೋ ಬೇರೊಂದು ಬಣ್ಣವು ಇಣಿಕಿದರೆ, ಅಥವಾ ಹಸುರು ಕಿಲುಬು ಕಂಡರೆ, ಒಳಗಿರುವುದು ಬೇರೆ ಲೋಹವೆಂದು ಊಹಿಸಬಹುದು. ಆದರೆ ಬೆಸುಗೆಯ ಜಾಗದಲ್ಲಿ ನಿಜವಾದ ಚಿನ್ನದ ಒಡವೆಯೂ ಬಣ್ಣಗೆಡುವುದುಂಟು.

ಅಯಸ್ಕಾಂತದ ಪರೀಕ್ಷೆಯನ್ನು ಅನೇಕರು ಬಲವಾಗಿ ನಂಬುವರು. ಅದು ಹೇಳುವುದು ಅತಿ ಸ್ವಲ್ಪ. ಒಡವೆಯು ಅಯಸ್ಕಾಂತಕ್ಕೆ ಅಂಟಿದರೆ ಅದರಲ್ಲಿ ಕಬ್ಬಿಣವೋ ನಿಕ್ಕಲೋ ಇದೆಯೆಂದು ತಿಳಿಯುತ್ತದೆ. ಅಂಟದಿದ್ದರೆ ಚಿನ್ನವೆಂದು ಮಾತ್ರ ತಿಳಿಯುವುದಿಲ್ಲ. ತಾಮ್ರ, ಹಿತ್ತಾಳೆ, ಬೆಳ್ಳಿ, ಸೀಸ, ಇವು ಯಾವುವೂ ಅಂಟುವುದಿಲ್ಲ. ಅಲ್ಲದೆ ಅಪ್ಪಟ ಚಿನ್ನದ ಸರದ ಕೊಂಡಿಯೊಳಗೆ ಉಕ್ಕಿನ ಸಣ್ಣ ಸುರುಳಿಯಿದ್ದರೆ ಆ ಕೊಂಡಿಯು ಅಂಟುತ್ತದೆ.

೪. ಒರೆಗಲ್ಲು

ನುಣುಪಾದ ಕರಿಯ ಕಲ್ಲಿನ ಮೇಲೆ ಒಡವೆಯನ್ನು ತೀಡಿ, ಪಕ್ಕದಲ್ಲಿ ಶುದ್ಧಿಯು ಗೊತ್ತಿರುವ ಚಿನ್ನದ ಕಡ್ಡಿಯನ್ನೂ ತೀಡಿ, ಎರಡು ಗೆರೆಗಳನ್ನು ಹೋಲಿಸುವುದು ಬಹು ಪ್ರಾಚೀನವಾದ ಪದ್ಧತಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ವಿವರವಿದೆ. ಬಹುಕಾಲ ಮರೆಯಾಗಿದ್ದ ಆ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದರು; ೧೯೧೫ರಲ್ಲಿ ಅದರ ಇಂಗ್ಲಿಷ್ ಅನುವಾದವು ಹೊರಬಂದಿತು. ಕಳಿಂಗದ ಮತ್ತು ತಾಪೀ ನದಿಯ ಹೆಸರುಕಾಳಿನ ಬಣ್ಣದ ಕಲ್ಲುಗಳು ಒರೆಗೆ ಶ್ರೇಷ್ಠವೆಂದು ಅದರಲ್ಲಿ ಹೇಳಿದೆ. ಅಷ್ಟು ಮಾತ್ರವಲ್ಲ, ಉಗುರಿನ ಸಂದಿನಲ್ಲಿ ಕಾವಿಮಣ್ಣನ್ನು ಅಡಗಿಸಿಟ್ಟು ಒರೆಯ ಗೆರೆಯ ಮೇಲೆ ಉದುರಿಸುವ ಮೋಸದ ಬಗ್ಗೆಯೂ ಅಲ್ಲಿ ಎಚ್ಚರಿಕೆಯಿದೆ. ಚಿನ್ನದ ಪರೀಕ್ಷೆಯು ಎಷ್ಟು ಹಳೆಯದೋ ಪರೀಕ್ಷೆಯಲ್ಲಿನ ಮೋಸವೂ ಅಷ್ಟೇ ಹಳೆಯದು.

ಒರೆಯ ಗೆರೆಯ ಮೇಲೆ ನೈಟ್ರಿಕ್ ಆಮ್ಲದ ಹನಿಯನ್ನು ಹಾಕಿದರೆ ಹಿತ್ತಾಳೆಯ ಗೆರೆಯು ಕೂಡಲೇ ಕರಗಿಹೋಗುತ್ತದೆ. ಉತ್ತಮ ಚಿನ್ನದ ಗೆರೆಯು ಉಳಿಯುತ್ತದೆ. ಇದು ಒಳ್ಳೆಯ ಪರೀಕ್ಷೆಯೇ. ಆದರೆ ಕಲ್ಲಿನ ಮೇಲೆ ಬೀಳುವುದು ಒಡವೆಯ ಹೊರಮೈಯ ಪುಡಿ. ದಪ್ಪವಾದ ಹೊದಿಕೆಯಿದ್ದರೆ ಗೆರೆಯು ಚಿನ್ನದ್ದೇ ಆಗಿರುತ್ತದೆ, ಒಡಲು ತಾಮ್ರವಾಗಿದ್ದರೂ ಸರಿ. ಆದಕಾರಣ ಅನುಭವಸ್ಥನಾದ ಅಕ್ಕಸಾಲಿಗನು ಕಣ್ಣಿಗೆ ಬೀಳದ ಎಡೆಯಲ್ಲಿ ಅರದಿಂದ ಸ್ವಲ್ಪ ಆಳಕ್ಕೆ ತೀಡಿ, ಅಲ್ಲಿಂದ ಒರೆ ಹಚ್ಚುವನು. ಈ ಕೆಲಸವು ನಿಮ್ಮ ಒಪ್ಪಿಗೆಯಿಂದ, ನಿಮ್ಮ ಕಣ್ಣೆದುರಿನಲ್ಲಿ ನಡೆಯಬೇಕು. ಒಡವೆಯನ್ನು ಒಳಕೋಣೆಗೆ ಒಯ್ಯಲು ಬಿಡಬಾರದು.

೫. ನೀರಿನಲ್ಲಿ ತೂಕ

ಒಡಲನ್ನು ಪ್ರಶ್ನಿಸುವ ಪರೀಕ್ಷೆಗಳಲ್ಲಿ ಮನೆಯಲ್ಲಿ ಮಾಡತಕ್ಕದ್ದು ಇದೊಂದೇ. ಸಿರಾಕ್ಯೂಸಿನ ಅರಸನಾದ ಹೀರೋನನ ಕಿರೀಟದ ಕಥೆಯನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಕೇಳಿರುವರು. ಆರ್ಕಿಮಿಡೀಸನು ಕಂಡ ನಿಯಮವು ಅಡಿಗೆಮನೆಯ ಮೇಜಿನ ಮೇಲೆಯೂ ಹಾಗೆಯೇ ನಡೆಯುತ್ತದೆ. ಗ್ರಾಮಿನ ನೂರನೆಯ ಪಾಲನ್ನು ತೋರಿಸುವ ಸಣ್ಣ ತಕ್ಕಡಿಯೊಂದು ಬೇಕು. ಇಂಥವು ಅಲ್ಪ ಬೆಲೆಗೆ ದೊರೆಯುತ್ತವೆ.

ಮೊದಲು ಒಣಗಿದ ಒಡವೆಯನ್ನು ತೂಗಿ ಬರೆದುಕೊಳ್ಳಿರಿ. ಅನಂತರ ತಕ್ಕಡಿಯ ಮೇಲೆ ನೀರು ತುಂಬಿದ ಹಗುರವಾದ ಲೋಟವನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿರಿ. ಒಡವೆಯನ್ನು ತೆಳುವಾದ ದಾರಕ್ಕೆ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಗಲದಂತೆ, ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗಾಳಿಯ ಗುಳ್ಳೆಗಳಿದ್ದರೆ ಅಲುಗಿಸಿ ಬಿಡಿಸಿರಿ. ನೀರು ಒಡವೆಯನ್ನು ಎಷ್ಟು ಮೇಲಕ್ಕೆ ತಳ್ಳುವುದೋ ಅಷ್ಟೇ ಭಾರವು ನೀರಿನ ಮೂಲಕ ತಕ್ಕಡಿಯ ಮೇಲೆ ಬೀಳುತ್ತದೆ. ಈಗ ತಕ್ಕಡಿಯು ತೋರಿಸುವ ಅಂಕಿಯು ಒಡವೆಯು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಒಡವೆಯ ವಿಶಿಷ್ಟ ಗುರುತ್ವವು ದೊರೆಯುತ್ತದೆ.

ಹೋಲಿಸಿ ನೋಡಲು ಬೇಕಾದ ಅಂಕಿಗಳಿವು:

ಅಪರಂಜಿ, ೧೯.೩
೨೨ ಕ್ಯಾರಟ್ ಚಿನ್ನ, ೧೭.೫ರಿಂದ ೧೮
೧೮ ಕ್ಯಾರಟ್ ಚಿನ್ನ, ೧೫ರಿಂದ ೧೬
೧೪ ಕ್ಯಾರಟ್ ಚಿನ್ನ, ೧೩ರಿಂದ ೧೪
ಸೀಸ, ೧೧.೩
ಬೆಳ್ಳಿ, ೧೦.೫
ತಾಮ್ರ, ೮.೯
ಹಿತ್ತಾಳೆ, ೮.೪ರಿಂದ ೮.೭

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ತೊಲ, ಅಂದರೆ ೧೧.೬೬ ಗ್ರಾಂ ತೂಗುವ ಬಳೆಯನ್ನು ಮುಳುಗಿಸಿದಾಗ ತಕ್ಕಡಿಯು ೦.೬೬ ತೋರಿಸಿತೆನ್ನಿ. ಭಾಗಿಸಿದರೆ ೧೭.೭ ಬರುತ್ತದೆ, ಅದು ೨೨ ಕ್ಯಾರಟ್ಟಿನದೆಂದು ನಂಬಲು ಕಾರಣವಿದೆ. ಅಷ್ಟೇ ತೂಕದ ಹಿತ್ತಾಳೆಯ ಬಳೆಯಾಗಿದ್ದರೆ ಸುಮಾರು ೧.೩೭ ತೋರಿಸುತ್ತಿತ್ತು, ಮುಲಾಮು ಹಾಕಿದ ಬೆಳ್ಳಿಯಾಗಿದ್ದರೆ ಸುಮಾರು ೧.೧೧. ತೆಳುವಾದ ಲೇಪವು ಈ ಲೆಕ್ಕವನ್ನು ಸ್ವಲ್ಪವೂ ಬದಲಾಯಿಸಲಾರದು. ಹೊರಮೈಯ ಬಣ್ಣವನ್ನು ನೀರು ನೋಡುವುದಿಲ್ಲ.

ಈ ಪರೀಕ್ಷೆಗೂ ಮಿತಿಗಳಿವೆ. ಮೊದಲನೆಯದಾಗಿ, ಸಣ್ಣ ಒಡವೆಗಳಿಗೆ ಇದು ಸಲ್ಲದು. ೨ ಗ್ರಾಂ ತೂಕದ ಓಲೆಯು ಸರಿಸುವ ನೀರು ೦.೧೧ ಗ್ರಾಂ ಮಾತ್ರ. ತಕ್ಕಡಿಯು ನೂರನೆಯ ಒಂದು ಪಾಲು ಹೆಚ್ಚು ಕಡಮೆ ತೋರಿಸಿದರೆ ಉತ್ತರವು ೧೬.೭ ಆಗಬಹುದು, ೨೦ ಆಗಬಹುದು. ೫ ಗ್ರಾಮಿಗಿಂತ ಕಡಮೆಯಾದವುಗಳನ್ನು ಹೀಗೆ ಪರೀಕ್ಷಿಸಬೇಡಿರಿ. ಎರಡನೆಯದಾಗಿ, ಕಲ್ಲು ಕೂಡಿಸಿದ ಒಡವೆಗಳಿಗೆ ಲೆಕ್ಕವು ತಪ್ಪುತ್ತದೆ. ಮುತ್ತು, ಹವಳ, ಕುಂದಣದ ಕೆಲಸ ಇವುಗಳನ್ನು ನೀರಿನಲ್ಲಿ ಅದ್ದಲೂ ಬಾರದು. ಮೂರನೆಯದಾಗಿ, ಟಂಗ್‌ಸ್ಟನ್ ಎಂಬ ಲೋಹದ ವಿಶಿಷ್ಟ ಗುರುತ್ವವು ಚಿನ್ನದ್ದಕ್ಕೆ ಬಹು ಸಮೀಪ. ಆದರೆ ಅದು ಅತಿ ಗಡುಸಾದುದರಿಂದ ಅಜ್ಜಿಯರ ಕಾಲದ ಕುಸುರಿ ಒಡವೆಗಳಲ್ಲಿ ಅದರ ಭಯವಿಲ್ಲ.

೬. ಟೊಳ್ಳು ಒಡವೆಗಳು

ನಾಲ್ಕನೆಯ ಮಿತಿಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ನಮ್ಮ ನಾಡಿನ ಹಳೆಯ ಗುಂಡಿನ ಸರಗಳೂ ಕಡಗಗಳೂ ಅನೇಕ ವೇಳೆ ಟೊಳ್ಳಾಗಿದ್ದು, ತಗ್ಗು ಬೀಳದಿರಲೆಂದು ಒಳಗೆ ಅರಗು ತುಂಬಿರುತ್ತದೆ. ಅರಗು ನೀರಿಗಿಂತ ಸ್ವಲ್ಪವೇ ಭಾರವಾದುದರಿಂದ ಇಂಥ ಒಡವೆಯು ನೀರಿನ ಪರೀಕ್ಷೆಯಲ್ಲಿ ಸೋತಂತೆ ತೋರುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನನ್ನು ಕಳೆದುಕೊಂಡು, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅತ್ತೆಯ ಗುಂಡಿನ ಸರವನ್ನು ಮಾರಲು ಒಂದು ಅಂಗಡಿಗೆ ಹೋದಳು. ಅಂಗಡಿಯವನು ಕೈಯಲ್ಲಿ ತೂಗಿ ನೋಡಿ, ಗಾತ್ರಕ್ಕೆ ತಕ್ಕ ಭಾರವಿಲ್ಲ, ಇದು ಗಿಲೀಟು ಎಂದು ಹೇಳಿ, ಹಳೆಯ ಹಿತ್ತಾಳೆಯ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಡುವೆನೆಂದನು. ಆಕೆಯು ಸರವನ್ನು ಹಿಂದಕ್ಕೆ ತಂದು ಮನೆಯಲ್ಲಿ ನೀರಿನ ತೂಕ ಮಾಡಿದಳು. ಒಣತೂಕ ೨೦ ಗ್ರಾಂ, ನೀರಿನ ಅಂಕಿ ೩.೧, ಉತ್ತರ ೬.೫ ಬಂದಿತು. ಅಂಗಡಿಯವನ ಮಾತೇ ನಿಜವೆಂದು ಆಕೆಯು ಕುಗ್ಗಿ ನಮ್ಮಲ್ಲಿಗೆ ಬಂದಳು. ನಾವು ಆಕೆಯ ಮುಂದೆ ಮೇಲಿನ ಪಟ್ಟಿಯನ್ನಿಟ್ಟು, ಇದರಲ್ಲಿ ೬.೫ ಎಲ್ಲಿದೆ ಎಂದು ಕೇಳಿದೆವು. ಎಲ್ಲಿಯೂ ಇಲ್ಲ! ತಾಮ್ರವಾಗಲಿ ಹಿತ್ತಾಳೆಯಾಗಲಿ ಇಷ್ಟು ಹಗುರವಲ್ಲ. ಹಿತ್ತಾಳೆಗಿಂತಲೂ ಕಡಮೆಯಾದ ಉತ್ತರವು ಬಂದರೆ ಅದು ಗಿಲೀಟಿನ ಸಾಕ್ಷ್ಯವಲ್ಲ; ಒಡವೆಯು ಟೊಳ್ಳೆಂದೋ ಒಳಗೆ ಹಗುರವಾದ ಪದಾರ್ಥವಿದೆಯೆಂದೋ ಅದರ ಅರ್ಥ. ಪರೀಕ್ಷಾಕೇಂದ್ರದಲ್ಲಿ ಅರಗನ್ನು ತೆಗೆಸಿದಾಗ ಅದು ೨.೩ ಗ್ರಾಂ ತೂಗಿತು. ಉಳಿದ ೧೭.೭ ಗ್ರಾಂ ೨೨ ಕ್ಯಾರಟ್ಟಿನ ಚಿನ್ನವಾಗಿತ್ತು. ಆಕೆಯ ಮಗನ ಎರಡು ವರ್ಷದ ಶುಲ್ಕವು ಅದರಿಂದ ಸಂದಾಯವಾಯಿತು.

೭. ಮಾಡಬಾರದ ಪರೀಕ್ಷೆಗಳು

ನೈಟ್ರಿಕ್ ಆಮ್ಲವನ್ನು ಮನೆಗೆ ತರಲೇಬಾರದು. ಅದು ತಾಮ್ರಕ್ಕೆ ತಗಲಿದಾಗ ಏಳುವ ಕಂದುಬಣ್ಣದ ಹೊಗೆಯು ಶ್ವಾಸಕ್ಕೆ ವಿಷ. ಅದರ ಹನಿಯು ಚರ್ಮಕ್ಕೂ ಕಣ್ಣಿಗೂ ಬಿದ್ದರೆ ಆಗುವ ಗಾಯವು ಶಾಶ್ವತವಾಗಬಹುದು. ಎಷ್ಟು ಚಿನ್ನವೂ ಒಂದು ಮಗುವಿನ ಕಣ್ಣಿಗೆ ಸಮವಲ್ಲ.

ಒಡವೆಯನ್ನು ಬೆಂಕಿಯಲ್ಲಿ ಕಾಯಿಸುವುದೂ ತಪ್ಪು. ಅರಗು ಕರಗಿ ಹೊರಬೀಳುತ್ತದೆ, ಕಲ್ಲು ಸೀಳುತ್ತದೆ, ಬೆಸುಗೆ ಬಿಡುತ್ತದೆ. ತಾಮ್ರ ಬೆರೆತ ನಿಜವಾದ ಚಿನ್ನವೂ ಬೆಂಕಿಯಲ್ಲಿ ಮೇಲೆ ಸ್ವಲ್ಪ ಕಪ್ಪಾಗುವುದರಿಂದ ತೀರ್ಪು ಸಹ ದೊರೆಯುವುದಿಲ್ಲ. ಹಲ್ಲಿನಿಂದ ಕಚ್ಚುವುದು ಕಥೆಗಳಿಗೆ ಯೋಗ್ಯ. ಸೀಸವು ಚಿನ್ನಕ್ಕಿಂತಲೂ ಮೃದುವಾಗಿ ಹಲ್ಲಿನ ಗುರುತನ್ನು ತಾಳುತ್ತದೆ. ನಿಂಬೆಯ ರಸ, ಹುಣಿಸೆಯ ಹುಳಿ ಇವು ಲೇಪದ ಮೇಲಿನ ಕೊಳೆಯನ್ನು ತೊಳೆಯುವುವೇ ಹೊರತು ಲೇಪದ ಒಳಗೆ ಏನಿದೆಯೆಂದು ಹೇಳಲಾರವು.

೮. ಕೊನೆಯ ತೀರ್ಪು ಎಲ್ಲಿ?

ಮನೆಯ ಪರೀಕ್ಷೆಗಳು ನಮ್ಮನ್ನು ಮೋಸದಿಂದ ಎಚ್ಚರಿಸಲು ಸಾಕು. ಮಾರಾಟಕ್ಕೂ ಪಾಲುಪಟ್ಟಿಗೂ ಅವು ಸಾಲವು. ಅದಕ್ಕೆ ಭಾರತೀಯ ಮಾನಕ ಬ್ಯೂರೋವಿನ ಮನ್ನಣೆ ಪಡೆದ ಪರೀಕ್ಷಾಕೇಂದ್ರಕ್ಕೆ ಹೋಗತಕ್ಕದ್ದು. ಅಲ್ಲಿ ಅಂಗಡಿಯವರು ಮಾತ್ರವಲ್ಲದೆ ಗೃಹಸ್ಥರೂ ಶುಲ್ಕ ಕೊಟ್ಟು ತಮ್ಮ ಒಡವೆಗಳನ್ನು ಪರೀಕ್ಷಿಸಿಕೊಂಡು ಲಿಖಿತವಾದ ವರದಿಯನ್ನು ಪಡೆಯಬಹುದು.

ಅಂಗಡಿಗಳಲ್ಲಿಯೂ ಕೇಂದ್ರಗಳಲ್ಲಿಯೂ ಕ್ಷಕಿರಣದ ಯಂತ್ರವನ್ನು ಉಪಯೋಗಿಸುವರು. ಅದು ಒಡವೆಗೆ ಹಾನಿ ಮಾಡದೆ ಕ್ಷಣಮಾತ್ರದಲ್ಲಿ ಶೇಕಡಾ ಲೆಕ್ಕವನ್ನು ತೋರಿಸುತ್ತದೆ. ಆದರೆ ಆ ಕಿರಣವು ಚಿನ್ನದಲ್ಲಿ ಕಾಣಬಲ್ಲ ಆಳವು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಅಂದರೆ ಯಂತ್ರವೂ ಒರೆಗಲ್ಲಿನಂತೆ ಹೊರಮೈಯನ್ನೇ ಪ್ರಶ್ನಿಸುತ್ತದೆ. ಸಂಶಯವಿದ್ದರೆ ತೀಡಿದ ಜಾಗದಲ್ಲಿ ಮತ್ತೊಮ್ಮೆ ನೋಡಲು ಕೇಳಿಕೊಳ್ಳಿರಿ. ಇವೆಲ್ಲಕ್ಕೂ ಮೇಲಾದದ್ದು ಅಗ್ನಿಪರೀಕ್ಷೆ. ಒಡವೆಯ ಚೂರನ್ನು ಸೀಸದೊಡನೆ ಸರಂಧ್ರವಾದ ಮೂಸೆಯಲ್ಲಿ ಕರಗಿಸಿದರೆ, ಸೀಸವೂ ತಾಮ್ರವೂ ಕಿಲುಬಾಗಿ ಮೂಸೆಯಲ್ಲಿ ಇಂಗುತ್ತವೆ. ಚಿನ್ನ ಬೆಳ್ಳಿಗಳು ಉಳಿಯುತ್ತವೆ. ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ತೆಗೆದು, ಉಳಿದ ಚಿನ್ನವನ್ನು ತೂಗುವರು. ಇದರಲ್ಲಿ ಚೂರು ನಷ್ಟವಾಗುವುದರಿಂದ ಬೆಲೆಬಾಳುವ ವಿಷಯಗಳಿಗೆ ಮಾತ್ರ ಇದು ಯೋಗ್ಯ.

೯. ಪರೀಕ್ಷೆಯು ಹೇಳಲಾರದ ಸಂಗತಿ

ಸಂಶಯದ ಮಾತನ್ನು ಆರಂಭದಲ್ಲಿ ಹೇಳಿದೆವು. ನಮಗೆ ತಿಳಿದ ಒಂದು ಮನೆಯಲ್ಲಿ ತಾಯಿಯ ಎರಡು ಜೊತೆ ಬಳೆಗಳು ಇಬ್ಬರು ಹೆಣ್ಣುಮಕ್ಕಳಿಗೆ ಬಂದವು. ನೋಟಕ್ಕೆ ಎರಡೂ ಒಂದೇ. ತೂಗಿದಾಗ ಕಿರಿಯವಳ ಬಳಿಯಿದ್ದ ಜೊತೆಯು ಹಿರಿಯವಳದರ ಅರ್ಧದಷ್ಟು ಮಾತ್ರ ತೂಗಿತು. ನೀರಿನಲ್ಲಿ ಪರೀಕ್ಷಿಸಿದಾಗ ೮.೯ ಬಂದಿತು. ಅದು ಮುಲಾಮು ಹಾಕಿದ ತಾಮ್ರವಾಗಿತ್ತು. ತಾಯಿಯ ಕೊನೆಯ ದಿನಗಳಲ್ಲಿ ಜೊತೆಗಿದ್ದವಳು ಕಿರಿಯವಳೇ ಆದುದರಿಂದ, ಅವಳೇ ಬದಲಾಯಿಸಿರಬೇಕೆಂದು ಮಾತು ಹುಟ್ಟಿತು. ಸುಮಾರು ಒಂದು ವರ್ಷ ಅಕ್ಕತಂಗಿಯರು ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಆಮೇಲೆ ತಾಯಿಯ ಮನೆಖರ್ಚಿನ ಹಳೆಯ ಪುಸ್ತಕಗಳನ್ನು ವಿಂಗಡಿಸುವಾಗ, ಬಳೆಗಳನ್ನು ಮಾರಿದ ಹಣವನ್ನು ಆಕೆಯು ತನ್ನ ಕೈಯಿಂದಲೇ ಜಮಾ ಬರೆ��ಿದ್ದುದು ಕಂಡುಬಂದಿತು. ಅದರ ಕೆಳಗಿನ ಸಾಲಿನಲ್ಲಿ ಖರ್ಚಿನ ವಿವರವಿತ್ತು: ಹಿರಿಯ ಮಗಳ ಉಪಾಧ್ಯಾಯಿನಿ ತರಬೇತಿಯ ಶುಲ್ಕ. ಮಕ್ಕಳಿಗೆ ತಿಳಿಯದಿರಲೆಂದು ಆ ತಾಯಿಯು ಅದೇ ಮಾದರಿಯ ಗಿಲೀಟಿನ ಬಳೆಗಳನ್ನು ಮಾಡಿಸಿ ತೊಟ್ಟುಕೊಂಡಿದ್ದಳು.

ಪರೀಕ್ಷೆಯು ಅಲ್ಲಿ ಸುಳ್ಳು ಹೇಳಲಿಲ್ಲ. ತಾಮ್ರವನ್ನು ತಾಮ್ರವೆಂದೇ ಹೇಳಿತು. ಆದರೆ ಅದು ಹೇಗೆ ಪೆಟ್ಟಿಗೆಗೆ ಬಂದಿತೆಂಬುದನ್ನು ತಕ್ಕಡಿಯಾಗಲಿ ಒರೆಗಲ್ಲಾಗಲಿ ಹೇಳಲಾರದು. ಲೋಹವನ್ನು ಪರೀಕ್ಷಿಸಿದಾಕ್ಷಣ ಮನುಷ್ಯರನ್ನು ಪರೀಕ್ಷಿಸಿದಂತಾಗುವುದಿಲ್ಲ. ಗಿಲೀಟು ಕಂಡುಬಂದಲ್ಲೆಲ್ಲ ಮೋಸವೇ ನಡೆದಿದೆಯೆಂದು ಊಹಿಸುವುದು ತರವಲ್ಲ. ಬಡತನವನ್ನು ಮಕ್ಕಳಿಂದ ಮರೆಮಾಡಿದ ತಾಯಂದಿರು ಈ ನಾಡಿನಲ್ಲಿ ಬಹುಮಂದಿ.

ಇದರಿಂದ ನಾವು ಒಂದು ಸಲಹೆಯನ್ನು ಕೊಡಲು ಬಯಸುವೆವು. ಓದುಬರಹ ಬಲ್ಲ ಪ್ರತಿಯೊಬ್ಬ ತಾಯಿಯೂ ತನ್ನ ಪೆಟ್ಟಿಗೆಯಲ್ಲಿ ಒಂದು ಪಟ್ಟಿಯನ್ನು ಬರೆದಿಡಲಿ. ಒಡವೆಯ ಹೆಸರು, ಒಣತೂಕ, ನೀರಿನ ಅಂಕಿ, ಚಿನ್ನವೋ ಲೇಪವೋ, ಅರಗು ತುಂಬಿದೆಯೋ, ಯಾರಿಂದ ಯಾವ ವರ್ಷ ಬಂದಿತು, ಯಾವುದನ್ನು ಯಾವ ಕಾರಣಕ್ಕಾಗಿ ಮಾರಲಾಯಿತು, ಇವಿಷ್ಟು ಒಂದು ಹಾಳೆಯಲ್ಲಿ ಹಿಡಿಯುತ್ತವೆ. ಗಿಲೀಟಿನದನ್ನು ಗಿಲೀಟೆಂದು ಬರೆಯಲು ನಾಚಿಕೊಳ್ಳಬೇಕಾದುದಿಲ್ಲ. ಬರೆಯುವಾಗ ಮಗಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ತಕ್ಕಡಿಯನ್ನು ಅವಳ ಕೈಗೆ ಕೊಡಿರಿ. ಅವಳು ಶಾಲೆಯಲ್ಲಿ ಓದಿದ ಆರ್ಕಿಮಿಡೀಸನ ನಿಯಮವು ಆಗ ಅವಳಿಗೆ ಮನದಟ್ಟಾಗುವುದು.

ಅಭ್ಯಾಸ

(೧) ೭.೯೯ ಗ್ರಾಂ ತೂಕದ ಹಳೆಯ ಪವನೊಂದು ನೀರಿನಲ್ಲಿ ೦.೪೫ ಗ್ರಾಂ ತೋರಿಸಿತು. ಅದು ೨೨ ಕ್ಯಾರಟ್ಟಿನದೆಂದು ಹೇಳಬಹುದೇ?

(೨) ೧೫ ಗ್ರಾಂ ತೂಕದ ಗಟ್ಟಿ ಕಡಗವೊಂದು ಒರೆಗಲ್ಲಿನಲ್ಲಿ ಉತ್ತಮ ಚಿನ್ನದ ಗೆರೆಯನ್ನು ಕೊಟ್ಟಿತು, ನೀರಿನಲ್ಲಿ ೧.೪೩ ಗ್ರಾಂ ತೋರಿಸಿತು. ಎರಡು ಪರೀಕ್ಷೆಗಳಲ್ಲಿ ಯಾವುದು ಸುಳ್ಳು?

ಮೊದಲನೆಯದಕ್ಕೆ ಉತ್ತರವು ೧೭.೮; ಹೌದೆಂದು ಹೇಳಬಹುದು. ಎರಡನೆಯದರಲ್ಲಿ ಯಾವುದೂ ಸುಳ್ಳಲ್ಲ. ಒರೆಗಲ್ಲು ಹೊರಮೈಯನ್ನು ಕುರಿತು ಹೇಳಿತು, ನೀರು ಒಡಲನ್ನು ಕುರಿತು ಹೇಳಿತು. ೧೦.೫ ಬಂದುದರಿಂದ ಆ ಕಡಗವು ದಪ್ಪವಾಗಿ ಚಿನ್ನ ಹೊದಿಸಿದ ಬೆಳ್ಳಿಯದಾಗಿರಬೇಕು.